ರಾಯಚೂರಿನ ಬಿಸಿಲಿಗೊಂದು ಪೆಲ್ಟಿಯರ್ ಪೆಟ್ಟಿಗೆ: ನನ್ನ ಅನುಭವ

ಕಾರಿನಲ್ಲಿ ಇಡುವ ಚಿಕ್ಕ ಪೆಲ್ಟಿಯರ್ ಕೂಲರ್ ಪೆಟ್ಟಿಗೆಗಳ (ಕಂಪ್ರೆಸರ್ ಇಲ್ಲದೆ, ಕರೆಂಟ್ ಕೊಟ್ಟರೆ ತಣ್ಣಗಾಗುವ ಬಿಲ್ಲೆಯಿಂದ ನಡೆಯುವವು) ಮೇಲೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಹೊರಗಿನ ಉಷ್ಣಾಂಶಕ್ಕಿಂತ 15ರಿಂದ 20 ಡಿಗ್ರಿ ಕಡಿಮೆ. ಬೆಂಗಳೂರಿನವರಿಗೆ ಇದು ಸಾಕು. ನಮ್ಮ ರಾಯಚೂರಿನಲ್ಲಿ ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿ ಇರುತ್ತದೆ. ಅದರಲ್ಲಿ 20 ಕಳೆದರೆ ಉಳಿಯುವುದು 22. ಇದಕ್ಕೆ ಫ್ರಿಜ್ ಅನ್ನೋಕಾಗುತ್ತಾ?

ನಾನು ಫ್ರಿಜ್, ಎಸಿ ರಿಪೇರಿ ಮಾಡುವವನು. ಕಂಪ್ರೆಸರ್ ಇಲ್ಲದ ಕೂಲಿಂಗ್ ಅಂದರೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಆದರೆ ನಮ್ಮ ಮಾವನಿಗೆ ಶುಗರ್, ದಿನಾ ಇನ್ಸುಲಿನ್ ಬೇಕು. ಸಿಂಧನೂರು ಕಡೆ ಗದ್ದೆ ಇದೆ, ಬೆಳಿಗ್ಗೆ ಹೋದರೆ ಬರುವುದು ರಾತ್ರಿಗೇ. ಡಬ್ಬಿಯಲ್ಲಿ ಐಸ್ ತುಂಬಿ ಒಯ್ಯುತ್ತಿದ್ದರು. ಮಧ್ಯಾಹ್ನಕ್ಕೆ ಅದು ಬರೀ ನೀರು. ಬೆಳಿಗ್ಗೆ ಇನ್ಸುಲಿನ್ ಪೆನ್ (ಪೆನ್ನಿನಂತಿರುವ ಇಂಜೆಕ್ಷನ್) ನೇರವಾಗಿ ಐಸಿಗೆ ತಾಗಿದರೆ ಇನ್ಸುಲಿನ್ ಹೆಪ್ಪುಗಟ್ಟುವ ಭಯ ಬೇರೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಕರಗಿದ ಮೇಲೂ ಬಳಸುವ ಹಾಗಿಲ್ಲ. "ಅಂಗಡ್ಯಾಗ ಇಷ್ಟೆಲ್ಲ ಸಾಮಾನು ಅದ, ಒಂದು ಸಣ್ಣ ಡಬ್ಬಿ ಮಾಡಿ ಕೊಡಪಾ" ಅಂದರು.

ಕೈಗೆ ಸ್ಕ್ರೂಡ್ರೈವರ್ ತೆಗೆದುಕೊಳ್ಳುವ ಮೊದಲು ಒಂದು ವಿಷಯ ಇತ್ಯರ್ಥ ಮಾಡಿಕೊಂಡೆ. ಎಷ್ಟು ತಂಪು ಬೇಕು? ತೆರೆಯದ ಇನ್ಸುಲಿನ್‌ಗೆ 2ರಿಂದ 8 ಡಿಗ್ರಿ ಬೇಕು, ಅದು ಮನೆಯ ಫ್ರಿಜ್‌ನಲ್ಲೇ ಇರಲಿ. ಬಳಕೆಯಲ್ಲಿರುವ ಹೆಚ್ಚಿನ ಪೆನ್‌ಗಳನ್ನು 30 ಡಿಗ್ರಿ ಒಳಗೆ ಸುಮಾರು 4 ವಾರ ಇಡಬಹುದು. ನಿಮ್ಮ ಪೆನ್ ಜೊತೆ ಬರುವ ಚೀಟಿ ಓದಿಕೊಳ್ಳಿ, ಕೆಲವಕ್ಕೆ ಬೇರೆ ಇರುತ್ತದೆ. ಅಂದರೆ ಗದ್ದೆಗೆ ಒಯ್ಯುವ ಪೆಟ್ಟಿಗೆಗೆ 20 ಡಿಗ್ರಿ ಧಾರಾಳ ಆಯಿತು. 5 ಡಿಗ್ರಿ ಬೇಕೆಂದು ಹಠ ಹಿಡಿದಿದ್ದರೆ ಈ ಪೆಟ್ಟಿಗೆ ಆಗುತ್ತಲೇ ಇರಲಿಲ್ಲ.

ಪೆಲ್ಟಿಯರ್ ಬಿಲ್ಲೆ ಕೆಲಸ ಮಾಡುವ ರೀತಿ ಸರಳ. 1834ರಲ್ಲಿ ಫ್ರಾನ್ಸಿನ ಪೆಲ್ಟಿಯರ್ ಎನ್ನುವವರು ಕಂಡುಕೊಂಡದ್ದು: ಎರಡು ಬೇರೆ ಲೋಹಗಳ ಜೋಡಣೆಯಲ್ಲಿ ಕರೆಂಟ್ ಹರಿದರೆ ಒಂದು ಕಡೆ ತಣ್ಣಗಾಗುತ್ತದೆ, ಇನ್ನೊಂದು ಕಡೆ ಬಿಸಿಯಾಗುತ್ತದೆ. ಈಗಿನ ಬಿಲ್ಲೆಗಳಲ್ಲಿ ಲೋಹದ ಬದಲು ಬಿಸ್ಮತ್ ಟೆಲ್ಯುರೈಡ್ ಎಂಬ ಅರೆವಾಹಕ ಇರುತ್ತದೆ. ಎಲ್ಲೆಡೆ ಸಿಗುವ ಟಿಇಸಿ1-12706 ನಾಲ್ಕು ಸೆಂಟಿಮೀಟರ್ ಚೌಕದ ಬಿಳಿ ಬಿಲ್ಲೆ. ಒಳಗೆ ಅದರ ಸಣ್ಣ ಕಡ್ಡಿಗಳ 127 ಜೋಡಿಗಳು, ಕರೆಂಟ್ ಹೆಚ್ಚೆಂದರೆ 6 ಆಂಪಿಯರ್. ಹೆಸರಲ್ಲೇ ಎರಡೂ ಇವೆ.

ಎಲ್ಲರೂ ತಣ್ಣನೆಯ ಮುಖವನ್ನೇ ಮುಟ್ಟಿ ನೋಡಿ ಖುಷಿಪಡುತ್ತಾರೆ. ನಿಜವಾದ ಕೆಲಸ ಇರುವುದು ಬಿಸಿ ಮುಖದಲ್ಲಿ. ಪೆಟ್ಟಿಗೆಯಿಂದ ಎಳೆದ ಶಾಖ, ಬಿಲ್ಲೆ ಸ್ವತಃ ತಿಂದ ಕರೆಂಟಿನ ಶಾಖ, ಎರಡೂ ಅಲ್ಲಿಂದಲೇ ಹೊರಗೆ ಹೋಗಬೇಕು. ಅದು ಹೋಗದಿದ್ದರೆ ಬಿಲ್ಲೆಯ ಮೂಲಕವೇ ಒಳಗೆ ವಾಪಸ್ ಬರುತ್ತದೆ. ಚಿಕ್ಕ ಅಲ್ಯೂಮಿನಿಯಂ ಹೀಟ್ ಸಿಂಕ್ (ಶಾಖ ಹೊರಹಾಕುವ ರೆಕ್ಕೆಗಳ ತುಂಡು) ನಮ್ಮ ಬಿಸಿಲಿಗೆ ಯಾವ ಲೆಕ್ಕಕ್ಕೂ ಇಲ್ಲ. ನಾನು ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಕೂಲರ್ ಹಾಕಿದೆ, ತಾಮ್ರದ ಕೊಳವೆಗಳು ಇರುವಂಥದ್ದು, ಫ್ಯಾನ್ ಸಮೇತ.

ಇನ್ನು ವೋಲ್ಟೇಜ್. ಕಾರಿನ ಬ್ಯಾಟರಿ 12 ವೋಲ್ಟ್ ಅಲ್ವಾ, ಸುಮ್ನೆ ನೇರ ಕೊಟ್ಟರಾಯಿತು ಅನ್ನುವವರೇ ಜಾಸ್ತಿ. 12 ವೋಲ್ಟ್‌ಗೆ ಬಿಲ್ಲೆ ಸುಮಾರು 50 ವ್ಯಾಟ್ ತಿನ್ನುತ್ತದೆ. 6 ವೋಲ್ಟ್‌ಗೆ ಇಳಿಸಿದರೆ 12 ವ್ಯಾಟ್ ಆಸುಪಾಸು. ಕರೆಂಟ್ ಖರ್ಚು ಕಾಲು ಭಾಗಕ್ಕೆ ಇಳಿಯಿತು, ಆದರೆ ತಂಪು ಇಳಿಯುವುದು ಅರ್ಧಕ್ಕೆ ಮಾತ್ರ. ಬಿಲ್ಲೆಯೊಳಗೆ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ತಂಪು ಹಾಗೆ ಏರುವುದಿಲ್ಲ. ಅದಕ್ಕೇ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸುವ ಚಿಕ್ಕ ಸರ್ಕ್ಯೂಟ್) ಹಾಕಿ 6ಕ್ಕೆ ನಿಲ್ಲಿಸಿದೆ. ಆ ಅರ್ಧ ತಂಪು ಸಾಕಾಗಬೇಕಾದರೆ ಗೋಡೆ ಚೆನ್ನಾಗಿರಬೇಕು.

ಪೆಟ್ಟಿಗೆಯ ಒಳ ಅಳತೆ 20, 12, 10 ಸೆಂಟಿಮೀಟರ್. ಎರಡು ಪೆನ್, ಸೂಜಿಗಳು, ಅಷ್ಟೇ. "ಒಂದು ಮಜ್ಜಿಗೆ ಬಾಟ್ಲಿನೂ ಹಿಡಿಸೋ ಹಂಗ ಮಾಡು" ಅಂದರು ಮಾವ. ಆಗಲ್ಲ ಅಂದೆ. ಗೋಡೆ 5 ಸೆಂಟಿಮೀಟರ್ ದಪ್ಪದ ಎಕ್ಸ್‌ಪಿಎಸ್ ಫೋಮ್ ಶೀಟು, ಥರ್ಮೋಕೋಲ್‌ಗಿಂತ ಗಟ್ಟಿ, ನೀರು ಹೀರುವುದಿಲ್ಲ. ಹೊರಗೆ 42, ಒಳಗೆ 20 ಇದ್ದಾಗ ಈ ಗೋಡೆಯಿಂದ ನುಗ್ಗುವ ಶಾಖ ಲೆಕ್ಕದ ಪ್ರಕಾರ 3 ವ್ಯಾಟ್‌ಗೂ ಕಡಿಮೆ. ಮುಚ್ಚಳದ ಸಂದು, ಸ್ಕ್ರೂ ಎಲ್ಲ ಸೇರಿ 5 ಅಂದುಕೊಳ್ಳಿ. 6 ವೋಲ್ಟ್‌ನಲ್ಲಿ ಬಿಲ್ಲೆ ಎಳೆಯುವುದು 7-8 ವ್ಯಾಟ್. ಸರಿಹೋಯಿತು.

ಜೋಡಣೆಯಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಬಿಲ್ಲೆ ಕೂರುವ ಜಾಗಕ್ಕೆ. ಬಿಲ್ಲೆಯ ದಪ್ಪ ನಾಲ್ಕು ಮಿಲಿಮೀಟರ್ ಕೂಡ ಇಲ್ಲ. ಪೆಟ್ಟಿಗೆಯೊಳಗೆ ತಂಪು ಹರಡುವ ಲೋಹದ ತಟ್ಟೆ, ಹೊರಗಿನ ಕೂಲರ್ ಅಷ್ಟು ಹತ್ತಿರ ಬಂದರೆ ಶಾಖ ಪಕ್ಕದಿಂದಲೇ ಒಳಗೆ ಜಿಗಿಯುತ್ತದೆ. ಅದಕ್ಕೆ ನಡುವೆ ಎರಡೂವರೆ ಸೆಂಟಿಮೀಟರ್ ದಪ್ಪದ ಅಲ್ಯೂಮಿನಿಯಂ ತುಂಡು ಕೊಟ್ಟು, ಸುತ್ತಲೂ ಫೋಮ್ ತುಂಬಿದೆ. ಥರ್ಮಲ್ ಪೇಸ್ಟ್ (ಶಾಖ ಸುಲಭವಾಗಿ ದಾಟಿಸುವ ಲೇಪ) ಎರಡೂ ಮುಖಕ್ಕೆ, ಕಾಗದದಷ್ಟು ತೆಳ್ಳಗೆ. ಸ್ಕ್ರೂಗಳನ್ನು ಎದುರು-ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಒಂದೇ ಮೂಲೆ ಬಿಗಿದರೆ ಒಳಗಿನ ಕಡ್ಡಿಗಳು ಸೀಳುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಸ್ಕ್ರೂ ತಲೆಗೆ ನೈಲಾನ್ ವಾಷರ್. ಕೊನೆಗೆ ಬಿಲ್ಲೆಯ ಅಂಚಿಗೆ ಸಿಲಿಕೋನ್ ಹಚ್ಚಿ, ಮಳೆಗಾಲದ ತೇವ ಒಳಗೆ ಹೋಗಬಾರದು.

ತಂಪು ಮುಖ ಯಾವುದೆಂದು ತಿಳಿಯಲು ಒಂದು ಪೆನ್ಸಿಲ್ ಸೆಲ್ ಸಾಕು. ವೈರಿಗೆ ಹಿಡಿದು ಎರಡು ಬೆರಳಿನ ನಡುವೆ ಬಿಲ್ಲೆ ಇಟ್ಟರೆ ಗೊತ್ತಾಗುತ್ತದೆ. ಹೀಟ್ ಸಿಂಕ್ ಇಲ್ಲದೆ 12 ವೋಲ್ಟ್ ಕೊಟ್ಟು ನೋಡಲು ಹೋಗಬೇಡಿ, ಕ್ಷಣದಲ್ಲಿ ಸುಡುತ್ತದೆ. ಪ್ಲಸ್-ಮೈನಸ್ ತಿರುಗಿದರೆ ಇದೇ ಪೆಟ್ಟಿಗೆ ಹೀಟರ್ ಆಗುತ್ತದೆ, ಇನ್ಸುಲಿನ್ ಬಿಸಿಯಾಗುತ್ತದೆ. ಹಾಗಾಗಿ ತಿರುಗಿಸಿ ಹಾಕಲು ಬಾರದ ಕನೆಕ್ಟರ್ ಕಡ್ಡಾಯ.

ಥರ್ಮೋಸ್ಟಾಟ್ ವಿಷಯದಲ್ಲಿ ನನ್ನ ಫ್ರಿಜ್ ಬುದ್ಧಿ ಇಲ್ಲಿ ನಡೆಯಲಿಲ್ಲ. ಫ್ರಿಜ್‌ನಲ್ಲಿ ಕಂಪ್ರೆಸರ್ ನಿಂತರೆ ತಂಪು ಒಳಗೇ ಉಳಿಯುತ್ತದೆ. ಇಲ್ಲಿ ಬಿಲ್ಲೆ ನಿಂತ ಕೂಡಲೇ ಹೊರಗಿನ ಬಿಸಿ ಅದರ ಮೂಲಕವೇ ಒಳಗೆ ಹರಿಯುತ್ತದೆ. ಆದ್ದರಿಂದ ಆನ್-ಆಫ್ ಬದಲು ವೋಲ್ಟೇಜನ್ನೇ ಕಡಿಮೆ ಮಾಡಿ, ನಿಲ್ಲದ ಹಾಗೆ ಓಡಿಸುತ್ತೇನೆ. ಬೇಸಿಗೆಯಲ್ಲಿ 6, ಚಳಿಗಾಲದಲ್ಲಿ 3 ವೋಲ್ಟ್. ಪೆನ್ ಲೋಹದ ತಟ್ಟೆಗೆ ತಾಗದಂತೆ ನಡುವೆ ಪ್ಲಾಸ್ಟಿಕ್ ಜಾಲರಿ.

ಗಾಡಿ ಇಲ್ಲದಾಗ ಕರೆಂಟ್ ಎಲ್ಲಿಂದ? ಔಷಧ ಹೊಡೆಯುವ ಸ್ಪ್ರೇ ಪಂಪಿನ ಬ್ಯಾಟರಿ ನಮ್ಮ ಕಡೆ ಮನೆಮನೆಯಲ್ಲೂ ಇದೆ, 12 ವೋಲ್ಟ್, 8 ಆಂಪಿಯರ್ ಅವರ್. ಫ್ಯಾನ್ ಸೇರಿ 15 ವ್ಯಾಟ್ ಹಿಡಿದರೂ ಐದು ಗಂಟೆ ಓಡುತ್ತದೆ. ನೇರ 12 ವೋಲ್ಟ್‌ಗೆ ಕೊಟ್ಟಿದ್ದರೆ ಎರಡು ಗಂಟೆಯೂ ಬರುತ್ತಿರಲಿಲ್ಲ.

ಮನೆಯಲ್ಲೇ ಇರುವವರಿಗೆ ಇದ್ಯಾವುದೂ ಬೇಡ. ಫ್ರಿಜ್ ಇಲ್ಲದಿದ್ದರೆ ನೆರಳಿನಲ್ಲಿ ಒದ್ದೆ ಮಣ್ಣಿನ ಗಡಿಗೆ ಇಟ್ಟು, ಅದರೊಳಗೆ ಒಣ ಡಬ್ಬಿಯಲ್ಲಿ ಪೆನ್ ಇಟ್ಟರೂ ನಮ್ಮ ಒಣ ಬೇಸಿಗೆಯಲ್ಲಿ ಚೆನ್ನಾಗಿಯೇ ತಂಪಾಗುತ್ತದೆ, ಖರ್ಚೂ ಇಲ್ಲ. ಮಳೆಗಾಲದ ತೇವದಲ್ಲಿ ಅದು ಸೋಲುತ್ತದೆ, ಮತ್ತೆ ಬೈಕಿನ ಮೇಲೆ ಗಡಿಗೆ ಒಯ್ಯೋಕಾಗಲ್ಲ.

ಪೆಟ್ಟಿಗೆಗೆ ಹೊರಗಿನಿಂದ ಬಿಳಿ ಬಣ್ಣ ಹೊಡೆದಿದ್ದೇನೆ. ಆದರೂ ಬಿಸಿಲಲ್ಲಿ ಗ್ಲಾಸ್ ಏರಿಸಿ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು. ಅಲ್ಲಿ 42 ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ. ಹತ್ತಿ ಬಿಡಿಸುವ ಕಾಲದಲ್ಲಿ ಗಂಜ್ (ಮಾರುಕಟ್ಟೆ) ಕಡೆ ಹೋಗಿ ಬಂದರೆ ಕೂಲರಿನ ರೆಕ್ಕೆಗಳ ನಡುವೆ ಎಳೆ ಎಳೆಯಾಗಿ ಹತ್ತಿ ಸಿಕ್ಕಿಕೊಂಡಿರುತ್ತದೆ. ಒಳಗಿನ ಮೀಟರ್ 20 ಬಿಟ್ಟು 24, 25 ತೋರಿಸಲು ಶುರು ಮಾಡಿದರೆ ಮೊದಲು ನೋಡಬೇಕಾದ್ದು ಅದನ್ನೇ. ಮಾವ ಈಗ ಪೆಟ್ಟಿಗೆಯ ಜೊತೆಗೇ ಒಂದು ಹಳೆಯ ಟೂತ್‌ಬ್ರಷ್ ಕಟ್ಟಿಕೊಂಡಿದ್ದಾರೆ.