ಡ್ಯಾಶ್‌ಬೋರ್ಡ್ ದೀಪ ಮಂಕಾಗಲು ಕಾರಣ ಹುಡುಕಿದ್ದು: ನನ್ನ ಅನುಭವ

ನಮ್ಮ ಹಳೆಯ ಪೆಟ್ರೋಲ್ ಕಾರಿನ ಡ್ಯಾಶ್‌ಬೋರ್ಡ್ ದೀಪಗಳು ಕಳೆದ ಬೇಸಿಗೆಯಲ್ಲಿ ತೊಂದರೆ ಕೊಡಲಾರಂಭಿಸಿದವು. ರಾತ್ರಿ ಚಿತ್ರದುರ್ಗದಿಂದ ದಾವಣಗೆರೆಗೆ ಬರುವಾಗ ಎ.ಸಿ. ಬ್ಲೋವರ್ ಜೋರು ಮಾಡಿದೊಡನೆ ಮೀಟರಿನ ಬೆಳಕು ಕುಗ್ಗುತ್ತಿತ್ತು. ಬ್ರೇಕ್ ಒತ್ತಿದರೆ ಇನ್ನಷ್ಟು ಕುಗ್ಗುತ್ತಿತ್ತು. ಭರಮಸಾಗರದ ಹತ್ತಿರ ಸರ್ವಿಸ್ ರಸ್ತೆಗೆ ಇಳಿದು ಗುಂಡಿಗಳಲ್ಲಿ ಕುಲುಕಿದಾಗ ಮಿಣುಕುತ್ತಿತ್ತು. ಊರಿನ ಒಂದು ಗ್ಯಾರೇಜಿನಲ್ಲಿ ತೋರಿಸಿದರೆ, ಬಾನೆಟ್ ತೆರೆಯುವ ಮೊದಲೇ “ಡೈನಮೊ ಹೋಗೈತ್ರಿ ಸರ್, ಹೊಸಾದು ಹಾಕ್ಸಿಬಿಡ್ರಿ” ಎಂದರು. ಅಷ್ಟು ದುಬಾರಿ ಭಾಗವನ್ನು ಅಳತೆಯನ್ನೇ ಮಾಡದೆ ಬದಲಿಸಲು ಮನಸ್ಸೊಪ್ಪದ ಕಾರಣ, ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ನಾನೇ ಹುಡುಕಲು ಕುಳಿತೆ.

ಮೊದಲು ಕಾರನ್ನು ಗೋಡೆಗೆ ಎದುರಾಗಿ ನಿಲ್ಲಿಸಿ ಹೆಡ್‌ಲೈಟ್ ಬೆಳಕನ್ನು ಗಮನಿಸಿದೆ. ಮೀಟರಿನ ದೀಪವಷ್ಟೇ ಮಂಕಾಗಿ ಹೆಡ್‌ಲೈಟ್ ಸ್ಥಿರವಾಗಿದ್ದರೆ ದೋಷವನ್ನು ಬೆಳಕು ಹೆಚ್ಚು ಕಡಿಮೆ ಮಾಡುವ ತಿರುಗುಣಿಯಲ್ಲೋ, ಮೀಟರಿನ ಹಿಂದಿನ ಕನೆಕ್ಟರಿನಲ್ಲೋ, ಅದರ ಬೆಸುಗೆಯಲ್ಲೋ ಹುಡುಕಬೇಕು. ನಮ್ಮ ಕಾರಿನಲ್ಲಿ ಎರಡೂ ಒಟ್ಟಿಗೆ ಕುಗ್ಗುತ್ತಿದ್ದವು. ಆಕ್ಸಿಲರೇಟರ್ ಒತ್ತಿ ಎಂಜಿನ್ ವೇಗ ಹೆಚ್ಚಿಸಿದರೂ ಬೆಳಕು ಚೇತರಿಸಿಕೊಳ್ಳಲಿಲ್ಲ. ಬೆಲ್ಟ್ ಸಡಿಲವಾಗಿದ್ದರೆ ಅಥವಾ ಆಲ್ಟರ್ನೇಟರ್ (ಗ್ಯಾರೇಜಿನವರು ಡೈನಮೊ ಎನ್ನುವುದು ಇದನ್ನೇ) ಸೊರಗಿದ್ದರೆ ಬೆಳಕು ಸಾಮಾನ್ಯವಾಗಿ ಎಂಜಿನ್ ವೇಗದೊಂದಿಗೆ ಏರಿಳಿಯುತ್ತದೆ; ಇಲ್ಲಿ ಅದು ಏರಿಳಿಯುತ್ತಿದ್ದುದು ವಿದ್ಯುತ್ತಿನ ಹೊರೆಯೊಂದಿಗೆ ಮಾತ್ರ.

ರಾತ್ರಿಯಿಡೀ ನಿಂತಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿತು, ಅಂದರೆ ಅದು ಪೂರ್ಣ ಚಾರ್ಜಿನಲ್ಲಿತ್ತು. ಎಂಜಿನ್ ಚಾಲೂ ಮಾಡಿ ಹೆಡ್‌ಲೈಟ್, ಬ್ಲೋವರ್ ಎಲ್ಲವನ್ನೂ ಹಾಕಿದಾಗಲೂ ಬ್ಯಾಟರಿಯ ಮೇಲೆ 13.9 ಇತ್ತು. ಮಲ್ಟಿಮೀಟರನ್ನು ಪರ್ಯಾಯ ವಿದ್ಯುತ್ತಿನ (ಎ.ಸಿ.) ವೋಲ್ಟ್ ಅಳತೆಗೆ ತಿರುಗಿಸಿ ನೋಡಿದರೆ ವೋಲ್ಟೇಜಿನ ಅಲೆಯಂಥ ಏರಿಳಿತವೂ ಅತ್ಯಲ್ಪ; ಅದು ಅರ್ಧ ವೋಲ್ಟಿನಷ್ಟಿದ್ದಿದ್ದರೆ ಆಲ್ಟರ್ನೇಟರಿನೊಳಗೆ ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿಸುವ ಡಯೋಡನ್ನು ಶಂಕಿಸುತ್ತಿದ್ದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಳಚಿ ಡೈನಮೊ ಪರೀಕ್ಷಿಸುವ ಹಳೆಯ ರೂಢಿ ನಮ್ಮ ಕಡೆ ಇನ್ನೂ ಉಳಿದಿದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಆ ಕ್ಷಣದಲ್ಲಿ ಏಳುವ ವೋಲ್ಟೇಜ್ ಏಟಿಗೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇ.ಸಿ.ಯು.) ಸುಟ್ಟುಹೋಗಬಹುದು.

ಡೈನಮೊ ನಿರ್ದೋಷಿ ಎಂದು ಖಚಿತವಾಯಿತು. ಅದೇ ಹೊರೆಯಲ್ಲಿ ಕಾರಿನೊಳಗಿನ ಮೊಬೈಲ್ ಚಾರ್ಜರ್ ಸಾಕೆಟ್‌ನಲ್ಲಿ ಅಳೆದರೆ ಸಿಕ್ಕಿದ್ದು 12.6 ಮಾತ್ರ. ಹಾಗಾದರೆ ದಾರಿಯಲ್ಲಿ 1.3 ವೋಲ್ಟ್ ಎಲ್ಲಿ ಕಳೆದುಹೋಗುತ್ತಿತ್ತು? ಮಲ್ಟಿಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೇ, ಅದಕ್ಕೆ ಕೇಬಲನ್ನು ಬಿಗಿಯುವ ಕ್ಲಾಂಪಿಗಲ್ಲ, ಒತ್ತಿ ಹಿಡಿದು, ಇನ್ನೊಂದನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ತಾಗಿಸಿದೆ. 1.1 ವೋಲ್ಟ್! ಅಲ್ಲಿ 0.2ಕ್ಕಿಂತ ಹೆಚ್ಚು ಇರಲೇಬಾರದು. ದೀಪಕ್ಕೆ ಹೋಗುವ ವೈರನ್ನು ಎಲ್ಲರೂ ನೋಡುತ್ತಾರೆ, ಆದರೆ ಅದೇ ವಿದ್ಯುತ್ತು ಬಾಡಿಯ ಮೂಲಕ ಬ್ಯಾಟರಿಗೆ ಹಿಂದಿರುಗುವ ಅರ್ತ್ ದಾರಿಯನ್ನು ನೋಡುವವರು ಕಡಿಮೆ. ಇದನ್ನು ಓಮ್ ಅಳತೆಯಲ್ಲಿ ಹಿಡಿಯಲು ಹೋಗಬಾರದು: 25 ಆಂಪಿಯರ್ ಹರಿಯುವಾಗ 1.1 ವೋಲ್ಟ್ ಕಳೆಯಲು 0.044 ಓಮ್ ಸಾಕು, ಸಾಮಾನ್ಯ ಮಲ್ಟಿಮೀಟರಿಗೆ ಅಷ್ಟು ಸೂಕ್ಷ್ಮವಾದ ಪ್ರತಿರೋಧ ನಂಬುವಂತೆ ಕಾಣುವುದಿಲ್ಲ. ಹೊರೆ ಹಾಕಿಯೇ ಅಳೆಯಬೇಕು.

ಮೊನೆಯನ್ನು ಒಂದೊಂದೇ ಹಂತ ಸರಿಸುತ್ತಾ ಹೋದೆ. ಕಂಬಕ್ಕೂ ಕ್ಲಾಂಪಿಗೂ ನಡುವೆ ವ್ಯತ್ಯಾಸವಿರಲಿಲ್ಲ. ಬ್ಯಾಟರಿ ತಟ್ಟೆಯ ಕೆಳಗೆ ಕೇಬಲ್ ಬಾಡಿಗೆ ಸೇರುವ ಕಡೆ ಅಷ್ಟೂ ವೋಲ್ಟ್ ಕುಳಿತಿತ್ತು. ಮುಟ್ಟಿದರೆ ಆ ಬೋಲ್ಟ್ ಬಿಸಿ. ಎಂಜಿನ್ ನಿಲ್ಲಿಸಿ, ಮೊದಲು ನೆಗೆಟಿವ್ ಕ್ಲಾಂಪ್ ಕಳಚಿ, 10ನೇ ನಂಬರ್ ಸ್ಪ್ಯಾನರಿನಲ್ಲಿ ಬೋಲ್ಟ್ ಬಿಚ್ಚಿದೆ. ಕೇಬಲ್ ತುದಿಯ ಲೋಹದ ಬಳೆಯ, ಅಂದರೆ ಲಗ್‌ನ, ಅಡಿಯಲ್ಲಿ ತುಕ್ಕು ಪದರಪದರವಾಗಿ ಎದ್ದಿತ್ತು, ಅದರ ಮೇಲೆ ಕೆಂಧೂಳು ನೀರು ಕುಡಿದು ಗಟ್ಟಿಯಾಗಿತ್ತು. ಲಗ್‌ನ ಕತ್ತಿನಲ್ಲಿ ರಬ್ಬರ್ ಸೀಳಿ ನೋಡಿದರೆ ತಾಮ್ರದ ಎಳೆಗಳು ಹಸಿರುಗಟ್ಟಿ, ಕೆಲವು ಬೆರಳು ತಾಕಿದೊಡನೆ ಉದುರಿದವು. ಕುಲುಕಿದಾಗ ದೀಪ ಮಿಣುಕುತ್ತಿದ್ದುದಕ್ಕೆ ಈ ಎಳೆಗಳೇ ಕಾರಣ.

ಬಾಡಿಯ ಲೋಹವನ್ನು ಉಪ್ಪುಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಮೊದಲಿನಷ್ಟೇ ದಪ್ಪದ ಹೊಸ ಕೇಬಲ್ಲಿಗೆ ಲಗ್ ಒತ್ತಿಸಿಕೊಂಡು ಬಂದು ಬಿಗಿದೆ. ಬಿಗಿದ ನಂತರ ವ್ಯಾಸಲೀನನ್ನು ಹೊರಗಿನಿಂದ ಮಾತ್ರ ಸವರಿದೆ. ಮತ್ತೆ ಎಲ್ಲ ಹೊರೆ ಹಾಕಿ ಅಳೆದಾಗ 0.04 ವೋಲ್ಟ್ ಬಂತು. ಬ್ರೇಕ್ ಒತ್ತಿದರೂ ಮೀಟರಿನ ಬೆಳಕು ಅಲುಗಲಿಲ್ಲ. ಎಂಜಿನ್ನಿನಿಂದ ಬಾಡಿಗೆ ಹೋಗುವ ಇನ್ನೊಂದು ಅರ್ತ್ ಪಟ್ಟಿಯೂ ಅಷ್ಟೇ ಹಳೆಯದಾಗಿದ್ದರಿಂದ ಅದನ್ನೂ ಅಂದೇ ಬಿಚ್ಚಿ, ಉಜ್ಜಿ, ಮರಳಿ ಬಿಗಿದೆ.