ಬ್ರಹ್ಮಕಮಲದ ಮೊಗ್ಗು ಉದುರದಂತೆ ಕಾಯುವುದು ಹೇಗೆ?

ಕಲಬುರಗಿಯ ಎಷ್ಟೋ ಮನೆಗಳ ಕಟ್ಟೆಯ ಮೇಲೆ ಬ್ರಹ್ಮಕಮಲದ ಕುಂಡವಿದೆ. ಮೃಗಶಿರಾ ಮಳೆ ಬೀಳುತ್ತಲೇ ಮೊಗ್ಗು ಮೂಡುತ್ತದೆ, ಮನೆಮಂದಿ ದಿನ ಎಣಿಸತೊಡಗುತ್ತಾರೆ. ಒಂದು ಬೆಳಿಗ್ಗೆ ನೋಡಿದರೆ ಮೊಗ್ಗು ಹಳದಿಯಾಗಿ ಬುಡದಲ್ಲಿ ಬಿದ್ದಿರುತ್ತದೆ. ‘ಕಣ್ಣು ತಾಗಿತು’ ಎನ್ನುವವರಿದ್ದಾರೆ. ಬಹಳಷ್ಟು ಸಲ ತಾಗಿರುವುದು ಕೈ. ಮೊಗ್ಗು ಕಂಡ ಸಂಭ್ರಮಕ್ಕೆ ಕುಂಡದ ಜಾಗ ಬದಲಿಸುತ್ತೇವೆ, ದಿನಕ್ಕೆರಡು ಸಲ ನೀರು ಸುರಿಯುತ್ತೇವೆ, ಗೊಬ್ಬರ ಹಾಕುತ್ತೇವೆ. ಇದೆಲ್ಲ ಮೊಗ್ಗು ಮೂಡುವ ಮೊದಲೇ ಮುಗಿದಿರಬೇಕಾದ ಕೆಲಸ.

ಬ್ರಹ್ಮಕಮಲ ಎಂದು ನಾವು ಕರೆಯುವ ಈ ಗಿಡ ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡುಗಳ ಕಳ್ಳಿ. ಅಲ್ಲಿ ಮರದ ಕೊಂಬೆಗಳ ಮೇಲೆ, ಎಲೆಗಳ ನೆರಳಲ್ಲಿ ಬೆಳೆಯುತ್ತದೆ. ಹಾಗಾಗಿ ‘ಕಳ್ಳಿ ತಾನೆ, ಬಿಸಿಲಲ್ಲಿಟ್ಟು ಮರೆತರಾಯಿತು’ ಎಂಬ ಲೆಕ್ಕ ಇದಕ್ಕೆ ಹೊಂದುವುದಿಲ್ಲ. ನಾವು ಎಲೆ ಎನ್ನುವ ಹಸಿರು ಪಟ್ಟಿಗಳು ನಿಜಕ್ಕೂ ಇದರ ಕಾಂಡ. ಆ ಪಟ್ಟಿಗಳ ಅಂಚಿನ ಕಚ್ಚುಗಳಲ್ಲೇ ಮೊಗ್ಗು ಬರುವುದು, ಅದೂ ಬಲಿತ ಪಟ್ಟಿಗಳಲ್ಲಿ. ಅಂದಕ್ಕೆಂದು ಹಳೆಯ ಪಟ್ಟಿಗಳನ್ನು ಕತ್ತರಿಸಿದರೆ ಹೂವನ್ನೇ ಕತ್ತರಿಸಿದಂತೆ.

ಮಣ್ಣು, ಕುಂಡ: ನವೆಂಬರ್ ಕೆಲಸ

ಹೂವಿನ ಕಾಲ ಮುಗಿದ ಮೇಲೆ ಮಣ್ಣು ಬದಲಿಸಿ. ನಮ್ಮ ಎರೆಮಣ್ಣು ತೊಗರಿಗೆ ಸರಿ, ಕುಂಡಕ್ಕೆ ಬೇಡ. ನೆನೆದರೆ ಅಂಟಾಗಿ ಬೇರಿನ ಉಸಿರು ಕಟ್ಟಿಸುತ್ತದೆ, ಒಣಗಿದರೆ ಬಿರಿದು ಬೇರು ಹರಿಯುತ್ತದೆ. ಬೀದರ್ ಕಡೆಯ ಕೆಂಪು ಮಣ್ಣು ಸಿಕ್ಕರೆ ತರಿಸಿಕೊಳ್ಳಿ. ಅದು ಒಂದು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಒಂದು ಪಾಲು, ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಸೇರಿ ಒಂದು ಪಾಲು. ಶಹಾಬಾದ್ ಕಲ್ಲಿನ ಚೂರು ಮನೆಯಲ್ಲೇ ಬಿದ್ದಿದೆಯೆಂದು ತಳಕ್ಕೆ ಹಾಕಬೇಡಿ. ಅದು ಸುಣ್ಣದ ಕಲ್ಲು, ಈ ಗಿಡಕ್ಕೆ ಸುಣ್ಣ ಆಗದು. ಕುಂಡ ತೀರ ದೊಡ್ಡದೂ ಬೇಡ. ಬೇರು ಸ್ವಲ್ಪ ಇಕ್ಕಟ್ಟಾದಾಗಲೇ ಗಿಡ ಹೂವಿನ ಕಡೆ ಮನಸ್ಸು ಮಾಡುತ್ತದೆ.

ಚಳಿಗಾಲದಲ್ಲಿ ನೀರು ಕಡಿಮೆ ಮಾಡಿ. ಮೇಲಿನ ಎರಡು ಇಂಚು ಮಣ್ಣು ಒಣಗಿದ ಮೇಲಷ್ಟೇ ಕೊಡಿ.

ಬೇಸಿಗೆ ದಾಟಿಸುವುದೇ ದೊಡ್ಡದು

ಶರಣಬಸವೇಶ್ವರ ಜಾತ್ರೆ ಮುಗಿಯುತ್ತಿದ್ದಂತೆ ನಮ್ಮಲ್ಲಿ ಬಿಸಿಲು ಬಿಗಿಯುತ್ತದೆ, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ಕುಂಡಕ್ಕೆ ಕಾಯಂ ಜಾಗ ಗೊತ್ತುಮಾಡಬೇಕಾದದ್ದು ಅದಕ್ಕಿಂತ ಮೊದಲು. ಪೂರ್ವದ ಗೋಡೆ, ಬೆಳಿಗ್ಗೆ 9ರವರೆಗಿನ ಎಳೆಬಿಸಿಲು, ಆಮೇಲೆ ಬೆಳಕಿರುವ ನೆರಳು. ಮಾಳಿಗೆಯ ಪರಸಿ ಮೇಲೆ ನೇರವಾಗಿ ಇಟ್ಟರೆ ಕಲ್ಲಿನ ಕಾವು ಕುಂಡಕ್ಕೆ ಏರುತ್ತದೆ, ಆದ್ದರಿಂದ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ಕೂಲರಿನ ಗಾಳಿ ನೇರ ಬಡಿಯುವ ಜಾಗವೂ ಬೇಡ.

ಮಾಳಿಗೆಯ ಟ್ಯಾಂಕಿನ ನೀರು ಮಧ್ಯಾಹ್ನ ಕೈ ಸುಡುವಷ್ಟು ಕಾದಿರುತ್ತದೆ. ಅದನ್ನೇ ಪೈಪಿನಿಂದ ಬಿಟ್ಟು ಬೇರು ಬೇಯಿಸುವವರನ್ನು ನೋಡಿದ್ದೇನೆ. ರಾತ್ರಿ ಬಕೆಟ್‌ನಲ್ಲಿ ಹಿಡಿದಿಟ್ಟು ಬೆಳಿಗ್ಗೆ ಹಾಕಿ. ಬೋರ್‌ವೆಲ್ ನೀರಿನಿಂದ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತಿದ್ದರೆ, ಮಳೆಗಾಲದಲ್ಲಾದರೂ ಮಳೆನೀರು ಹಿಡಿದು ಬಳಸಿ.

ಮಾರ್ಚ್‌ನಿಂದ ಯೂರಿಯಾ, ಹಸಿ ಸಗಣಿ ಮುಟ್ಟಬೇಡಿ. ಪಟ್ಟಿಗಳು ಕೊಬ್ಬುತ್ತವೆ, ಹೂವಾಗುವುದಿಲ್ಲ. ರೈತರು ತೊಗರಿಗೆ ಸಿಂಪಡಿಸಲು ಒಯ್ಯುವ 0-52-34 ಗೊಬ್ಬರ (ಸಾರಜನಕವಿಲ್ಲದೆ ರಂಜಕ, ಪೊಟ್ಯಾಶ್ ಮಾತ್ರ ಇರುವಂಥದ್ದು) ನಮ್ಮೂರ ಅಂಗಡಿಗಳಲ್ಲೇ ಸಿಗುತ್ತದೆ. ಲೀಟರ್ ನೀರಿಗೆ 1 ಗ್ರಾಂ ಕರಗಿಸಿ, 15 ದಿನಕ್ಕೊಮ್ಮೆಯಂತೆ ಎರಡು-ಮೂರು ಸಲ ಒದ್ದೆ ಮಣ್ಣಿಗೆ ಹಾಕಿದರೆ ಸಾಕು.

ಮೊಗ್ಗು ಕಂಡ ಮೇಲೆ

ಮೊದಲು ಕುಂಡದ ಬೆಳಕಿನ ಕಡೆಗೆ ಸುಣ್ಣದ ಗುರುತು ಹಾಕಿ. ಗುಡಿಸಲು, ತೊಳೆಯಲು ಎತ್ತಿದರೂ ಅದೇ ದಿಕ್ಕಿಗೆ ವಾಪಸ್ ಇಡಬೇಕು. ಮೊಗ್ಗು ಕಂಡಂದಿನಿಂದ ಅರಳಲು ಸುಮಾರು ಮೂರು-ನಾಲ್ಕು ವಾರ. ಅಷ್ಟು ದಿನ ಮಣ್ಣು ಒಂದೇ ಹದದಲ್ಲಿ ತೇವವಾಗಿರಲಿ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸುವುದೇ ಮೊಗ್ಗಿಗೆ ಮುಳುವು. ಜೂನ್‌ನಲ್ಲಿ ಮಳೆ ಹೀಗೇ ಮಾಡುತ್ತದೆ: ವಾರಗಟ್ಟಲೆ ಕೈಕೊಟ್ಟು ಒಂದೇ ರಾತ್ರಿ ಸುರಿಯುತ್ತದೆ. ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ.

ಆದರೂ ಉದುರಿದರೆ ಪಟ್ಟಿಯನ್ನು ಮುಟ್ಟಿ ನೋಡಿ. ಪಟ್ಟಿ ಸುಕ್ಕಾಗಿ ಮಣ್ಣೂ ಒಣಗಿದ್ದರೆ ಬಾಯಾರಿಕೆ. ಪಟ್ಟಿ ಸುಕ್ಕಾಗಿದ್ದು ಮಣ್ಣು ಹಸಿಯಾಗಿದ್ದರೆ ಬೇರು ಕೊಳೆತಿದೆ, ಇನ್ನಷ್ಟು ನೀರು ಹಾಕಿದರೆ ಗಿಡವೇ ಹೋಗುತ್ತದೆ. ಪಟ್ಟಿ ತುಂಬಿಕೊಂಡೇ ಇದ್ದು ಮೊಗ್ಗು ಮಾತ್ರ ಬಿದ್ದರೆ ಜಾಗ ಬದಲಾಗಿರಬೇಕು ಇಲ್ಲವೇ ಬಿಸಿಗಾಳಿ ಬಡಿದಿರಬೇಕು. ಮೊಗ್ಗಿನ ಸಂದಿಯಲ್ಲಿ ಹತ್ತಿಯಂಥ ಬಿಳಿ ಹಿಟ್ಟು, ಇರುವೆ ಸಾಲು ಕಂಡರೆ ಹಿಟ್ಟು ತಿಗಣೆ. ಸೋಪಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಮೊಗ್ಗಿನ ಮೇಲೆ ಬೇವಿನೆಣ್ಣೆ ಸಿಂಪಡಿಸಬೇಡಿ. ಒಂದೇ ಪಟ್ಟಿಗೆ ಆರೇಳು ಮೊಗ್ಗು ಬಂದು, ಚಿಕ್ಕದಿರುವಾಗಲೇ ಒಂದೆರಡು ಉದುರಿದರೆ ಮಾತ್ರ ಚಿಂತೆ ಬೇಡ. ಸಾಕಲಾಗದ್ದನ್ನು ಗಿಡವೇ ಬಿಡುತ್ತದೆ.

ದುಂಡನೆಯ ಮುಳ್ಳುಕಳ್ಳಿ ಇಟ್ಟುಕೊಂಡವರಿಗೆ ಈ ಕ್ರಮ ಸಲ್ಲದು. ಅವಕ್ಕೆ ಹೆಚ್ಚು ಬಿಸಿಲು ಬೇಕು, ನವೆಂಬರ್‌ನಿಂದ ಫೆಬ್ರವರಿವರೆಗೆ ನೀರು ಹೆಚ್ಚುಕಡಿಮೆ ಬಂದ್ ಆಗಬೇಕು.

ಜೋತುಬಿದ್ದ ಮೊಗ್ಗು ಕೊಕ್ಕೆಯಂತೆ ಮೇಲಕ್ಕೆ ಬಾಗಿ ಉಬ್ಬಿದರೆ ಅರಳುವ ಹೊತ್ತು ಹತ್ತಿರವಾಯಿತು. ರಾತ್ರಿ 8-9ರ ಹೊತ್ತಿಗೆ ಬಿಚ್ಚಲು ಶುರುವಾಗಿ ನಡುರಾತ್ರಿಗೆ ಪೂರ್ತಿ ಅರಳುತ್ತದೆ, ಬೆಳಗಾಗುವುದರೊಳಗೆ ಬಾಡುತ್ತದೆ. ಪೂಜೆಗೆ ಒಳಗೆ ತರುವುದಿದ್ದರೆ ಆ ಸಂಜೆ ತನ್ನಿ, ಅದಕ್ಕೆ ಮೊದಲಲ್ಲ.

ನೋಡಲು ಬಂದ ನೆರೆಯವರು ಒಂದು ತುಂಡು ಕೇಳದೆ ಹೋಗುವುದಿಲ್ಲ. ಕೊಡಿ. ಕತ್ತರಿಸಿದ ತುದಿಯನ್ನು ನೆರಳಲ್ಲಿ ಒಂದು ವಾರ ಒಣಗಿಸಿ ನೆಡಬೇಕೆಂದೂ, ಹೂವಿಗೆ ಎರಡು-ಮೂರು ವರ್ಷವಾದರೂ ಕಾಯಬೇಕೆಂದೂ ಕೊಡುವಾಗಲೇ ಹೇಳಿಬಿಡಿ. ಇಲ್ಲದಿದ್ದರೆ ಬರುವ ಶ್ರಾವಣಕ್ಕೇ ‘ನೀವ್ ಕೊಟ್ಟ ಗಿಡ ಹೂವೇ ಬಿಡಲಿಲ್ರೀ’ ಎಂದು ಬಾಗಿಲಿಗೆ ಬರುತ್ತಾರೆ.