ವಿಜಯಪುರಕ್ಕೆ ಎರಡು ದಿನ ಬರುವವರಿಗೆ

ವಾರಾಂತ್ಯಕ್ಕೆ ವಿಜಯಪುರ ನೋಡೋಣ ಅಂದುಕೊಂಡವರಿಗೆ ನನ್ನ ಸಲಹೆ ಇಷ್ಟು. ಒಂದೇ ದಿನದಲ್ಲಿ ಮುಗಿಸಲು ಹೋಗಬೇಡಿ. ಒಂದು ರಾತ್ರಿ ಉಳಿಯಿರಿ.

ಗೋಳಗುಮ್ಮಟಕ್ಕೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ. ಮೂಲೆಯ ಗೋಪುರದೊಳಗಿನ ಕಡಿದಾದ ಮೆಟ್ಟಿಲು ಹತ್ತಿದರೆ ಪಿಸುಗುಟ್ಟುವ ಗ್ಯಾಲರಿ. ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಶಾಲಾ ಪ್ರವಾಸದ ಮಕ್ಕಳು ಬಂದ ಮೇಲೆ ಬರೀ ಕೂಗಾಟ. ಅವರನ್ನೇನು ಅನ್ನೋದು, ನಾವೂ ಹಾಗೇ ಕೂಗಿದವರಲ್ವಾ! ಮಂಡಿ ನೋವಿರುವ ಹಿರಿಯರು ಕೆಳಗೇ ಕೂತು ಗುಮ್ಮಟ ನೋಡಿದರೂ ಸಾಕು. ಅಷ್ಟು ದೊಡ್ಡ ಸಭಾಂಗಣದ ನಡುವೆ ಒಂದೂ ಕಂಬವಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಸುಮ್ನೆ ಅಲೆಯಬೇಡಿ. ಖಾನಾವಳಿಗೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಊಟ ಮಾಡಿ. ಖಾರ ಜಾಸ್ತಿ ಅನಿಸಿದರೆ ಇನ್ನಷ್ಟು ಮೊಸರು ಕೇಳಿ.

ಸಂಜೆಗೆ ಸುಲ್ತಾನ ಇಬ್ರಾಹಿಂ ಆದಿಲ್ ಶಾಹನ ಸಮಾಧಿ ಇಬ್ರಾಹಿಂ ರೋಜಾ. ನನ್ನ ಕೇಳಿದರೆ ಊರಲ್ಲಿ ಎಲ್ಲಕ್ಕಿಂತ ಚಂದದ ಕಟ್ಟಡ ಇದೇ. ಕಲ್ಲಿನ ಕೆತ್ತನೆ ನೋಡಲು ಸಮಯ ಇಟ್ಟುಕೊಳ್ಳಿ.

ಮರುದಿನ, ಕಟ್ಟುವ ಕೆಲಸ ಅರ್ಧಕ್ಕೇ ನಿಂತುಹೋದ ಸಮಾಧಿ ಬಾರಾ ಕಮಾನು, ಮಲಿಕ್-ಎ-ಮೈದಾನ್ ತೋಪು, ಉಪ್ಪಲಿ ಬುರುಜು. ಇವೆಲ್ಲ ಊರೊಳಗೇ ಇವೆ. ಆಟೋ ಹತ್ತುವ ಮುಂಚೆ ದರ ಮಾತಾಡಿಕೊಳ್ಳಿ.

ರೈಲಿನಲ್ಲಿ ಬಂದರೆ ನಿಲ್ದಾಣದ ಕಡೆ ರೂಮ್ ಮಾಡಿ, ಗೋಳಗುಮ್ಮಟ ಹತ್ತಿರ. ಬಸ್ಸಿನವರಿಗೆ ಬಸ್ ನಿಲ್ದಾಣದ ಸುತ್ತಲೇ ಅನುಕೂಲ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಬೇಡ. ಚಳಿಗಾಲದಲ್ಲಿ ಬನ್ನಿ.